ವಿಮಾನ ಇಳಿದ ಮೇಲೆ ರೈಲು

(ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಪುಣೆಯ ಕನ್ನಡಿಗರಲ್ಲಿ ಅನೇಕರ ಮಕ್ಕಳು ಈಗ ಜರ್ಮನಿಯಲ್ಲಿದ್ದಾರೆ. ನಾನೂ ಸಾಫ್ಟ್‌ವೇರ್ ಕೆಲಸದ ಮೇಲೆ ಮೂರು ವರ್ಷ ಸ್ಟುಟ್‌ಗಾರ್ಟ್‌ನಲ್ಲಿದ್ದೆ. ಬಾಣಂತನಕ್ಕೆ ಹೊರಟ ಅಮ್ಮಂದಿರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಫ್ರಾಂಕ್‌ಫರ್ಟ್‌ವರೆಗೆ ವಿಮಾನದಲ್ಲಿ ಹೇಗೋ ಹೋಗ್ತೀವಿ, ಅಲ್ಲಿಂದ ಮುಂದೆ?" ಕರೆದುಕೊಂಡು ಹೋಗಲು ಅಳಿಯನಿಗೆ ರಜೆ ಸಿಗಲಿಲ್ಲವೆಂದು ಪ್ರಯಾಣವನ್ನೇ ಮುಂದೂಡಿದವರೂ ಇದ್ದಾರೆ. ಅಷ್ಟರಲ್ಲಿ ಮಗು ಹುಟ್ಟಿ ತಿಂಗಳಾಗಿರುತ್ತದೆ. ಹಾಗಾಗಬಾರದೆಂದೇ ಈ ವಿಷಯ ಆರಿಸಿಕೊಂಡೆ.

ಮೊದಲು ಊರಿನ ಹೆಸರು. ಜರ್ಮನಿಯಲ್ಲಿ ಫ್ರಾಂಕ್‌ಫರ್ಟ್ ಎರಡಿವೆ. ನಮಗೆ ಬೇಕಾದದ್ದು ಮೈನ್ ನದಿಯ ಫ್ರಾಂಕ್‌ಫರ್ಟ್; ಓಡರ್ ನದಿಯದು ಪೋಲೆಂಡ್ ಗಡಿಯಲ್ಲಿದೆ. ಇನ್ನು ವಿಮಾನ ನಿಲ್ದಾಣದಲ್ಲೂ ರೈಲು ನಿಲ್ದಾಣ ಎರಡು. 'ರೆಗಿಯೊನಾಲ್‌ಬಾನ್‌ಹೋಫ್' ಒಂದನೇ ಟರ್ಮಿನಲ್‌ನ ಕೆಳಗಿದೆ, ಅಲ್ಲಿಂದ ಲೋಕಲ್ ರೈಲುಗಳು. 'ಫೆರ್ನ್‌ಬಾನ್‌ಹೋಫ್' ದೂರದೂರಿನ ಐಸಿಇ ರೈಲುಗಳಿಗಾಗಿ 1999ರಲ್ಲಿ ಶುರುವಾದದ್ದು, ಒಂದನೇ ಟರ್ಮಿನಲ್‌ನಿಂದ ಮುಚ್ಚಿದ ಸೇತುವೆಯ ಮೇಲೆ ನಡೆದೇ ಹೋಗಬಹುದು. ಬೇರೆ ಟರ್ಮಿನಲ್‌ನಲ್ಲಿ ಇಳಿದವರು ಮೊದಲು ಒಂದನೇ ಟರ್ಮಿನಲ್‌ಗೆ ಬರಬೇಕು. ಇಲ್ಲಿಂದ ಕಲೋನ್‌ಗೆ ಸುಮಾರು ಒಂದು ಗಂಟೆ, ಸ್ಟುಟ್‌ಗಾರ್ಟ್‌ಗೆ ಒಂದೂಕಾಲು ಗಂಟೆ, ಮ್ಯೂನಿಕ್‌ಗೆ ಮೂರೂವರೆ ಗಂಟೆ.

ಎರಡನೆಯದು ಟಿಕೆಟ್. ಅಗ್ಗದ ಟಿಕೆಟ್ಟಿಗೆ 'ಷ್ಪಾರ್‌ಪ್ರೈಸ್' ಎನ್ನುತ್ತಾರೆ. ಅದರಲ್ಲಿ ಬರೆದಿರುವ ರೈಲಿಗೇ ಹೋಗಬೇಕು. ವಿಮಾನ ತಡವಾಗಿ ಆ ರೈಲು ತಪ್ಪಿದರೆ ದುಡ್ಡು ಹೋದಂತೆಯೇ. 'ಫ್ಲೆಕ್ಸ್‌ಪ್ರೈಸ್' ದುಬಾರಿ, ಆದರೆ ಆ ದಿನದ ಯಾವ ರೈಲಿಗಾದರೂ ನಡೆಯುತ್ತದೆ. ಕೆಲವು ವಿಮಾನ ಕಂಪನಿಗಳು ವಿಮಾನದ ಟಿಕೆಟ್ಟಿನ ಜೊತೆಗೇ 'ರೇಲ್ ಅಂಡ್ ಫ್ಲೈ' ಎಂಬ ರೈಲು ಟಿಕೆಟ್ ಕೊಡುತ್ತವೆ, ಅದರಲ್ಲೂ ಮುಂದಿನ ರೈಲು ಹಿಡಿಯಬಹುದು. ಮೊದಲ ಸಲ ಒಬ್ಬರೇ ಹೋಗುವವರು ಈ ಎರಡರಲ್ಲಿ ಒಂದನ್ನು ಕೇಳಿ. ಸೀಟು ಕಾಯ್ದಿರಿಸುವುದು ಕಡ್ಡಾಯವಲ್ಲ, ಅದಕ್ಕೆ ಪ್ರತ್ಯೇಕ ಹಣ. ಆದರೂ ಮಾಡಿಸಿಕೊಳ್ಳಿ.

ನನ್ನ ಹೆರಿಗೆಯ ಸಮಯದಲ್ಲಿ ಅಮ್ಮ ಹಾಗೇ ಬಂದಳು. ಸಿಸೇರಿಯನ್ ಆಗಿ ಎರಡನೇ ದಿನ; ಯಜಮಾನರು ಆಸ್ಪತ್ರೆ ಬಿಟ್ಟು ಬರುವಂತಿರಲಿಲ್ಲ. ಅಮ್ಮನ ವಿಮಾನ ಒಂದೂವರೆ ಗಂಟೆ ತಡ. ಕೈಯಲ್ಲಿ ಫ್ಲೆಕ್ಸ್‌ಪ್ರೈಸ್ ಟಿಕೆಟ್ ಇತ್ತು, ಜೊತೆಗೆ "ನಾನು ಸ್ಟುಟ್‌ಗಾರ್ಟ್‌ಗೆ ಹೋಗಬೇಕು, ಮುಂದಿನ ರೈಲು ಯಾವ ಪ್ಲಾಟ್‌ಫಾರಂ?" ಎಂದು ನಾನು ಜರ್ಮನ್‌ನಲ್ಲಿ ಬರೆದು ಕಳಿಸಿದ್ದ ಚೀಟಿ. ಮಾಹಿತಿ ಕೌಂಟರಿನ ಹುಡುಗಿ ಅದೇ ಚೀಟಿಯ ಮೇಲೆ ಪ್ಲಾಟ್‌ಫಾರಂ ನಂಬರು, ಹೊರಡುವ ಹೊತ್ತು ಬರೆದುಕೊಟ್ಟಳಂತೆ. ಸಂಜೆ ಆಸ್ಪತ್ರೆಗೆ ಬಂದಾಗ ಹೆದರಿಕೆ ಆಯ್ತೇನಮ್ಮ ಅಂದೆ. "ಹುಬ್ಬಳ್ಳಿ ಸ್ಟೇಷನ್ನಾಗ ಓಡ್ಯಾಡಿದಾಕಿಗೆ ಇದೇನ್ ದೊಡ್ಡದವ್ವಾ?" ಅಂದಳು, ಮಗುವನ್ನು ಎತ್ತಿಕೊಳ್ಳುತ್ತ. ಆಮೇಲೆ ಸ್ನಾನಕ್ಕೆ ಹೋದವಳು ಸ್ವಲ್ಪ ಅತ್ತಿದ್ದು ಅವಳ ಕಣ್ಣು ನೋಡಿದಾಗ ತಿಳಿಯಿತು. ಹೆದರಿಕೆ ಇರಲಿಲ್ಲವೆಂದಲ್ಲ, ಹೆದರಿಕೆ ಇದ್ದೂ ಬಂದಿದ್ದಳು.

ಮೂರನೆಯದು ಪ್ಲಾಟ್‌ಫಾರಂ. ಜರ್ಮನ್‌ನಲ್ಲಿ 'ಗ್ಲೈಸ್' ಅಂದರೆ ಅದೇ. ನಾವು ಡೆಕ್ಕನ್ ಕ್ವೀನ್‌ಗೆ ಕೋಚ್ ಬೋರ್ಡ್ ನೋಡಿ ನಿಲ್ಲುತ್ತೇವಲ್ಲ, ಅಲ್ಲೂ ಹಾಗೆಯೇ. ಪ್ಲಾಟ್‌ಫಾರಂ ಅನ್ನು ಎ, ಬಿ, ಸಿ ಎಂದು ಭಾಗ ಮಾಡಿರುತ್ತಾರೆ, ನಿಮ್ಮ ಕೋಚ್, ಅಂದರೆ 'ವಾಗೆನ್', ಯಾವ ಅಕ್ಷರದ ಹತ್ತಿರ ನಿಲ್ಲುತ್ತದೆಂದು ಬೋರ್ಡಿನಲ್ಲಿರುತ್ತದೆ. ಕೆಲವು ರೈಲುಗಳು ದಾರಿಯಲ್ಲಿ ಎರಡಾಗಿ ಬೇರೆ ಬೇರೆ ಊರಿಗೆ ಹೋಗುತ್ತವೆ, ಆದ್ದರಿಂದ ನಿಮ್ಮ ಕೋಚ್‌ಗೇ ಹತ್ತಿ. ನಿಲ್ದಾಣದಲ್ಲಿ ಗೇಟು ಇರುವುದಿಲ್ಲ, ಟಿಕೆಟ್ ಕೇಳುವುದು ರೈಲಿನೊಳಗೆ. ಬೋರ್ಡಿನಲ್ಲಿ 'ಫೆರ್‌ಷ್ಪೇಟುಂಗ್' ಎಂದಿದ್ದರೆ ತಡ, 'ಫೆಲ್ಟ್ ಔಸ್' ಎಂದಿದ್ದರೆ ರದ್ದು.

ಕೊನೆಯದು ಸಾಮಾನು. ಹಮಾಲರು ಸಿಗುತ್ತಾರೆಂದು ನಂಬಬೇಡಿ. ಲಿಫ್ಟ್ ಇದೆ, ಆದರೆ ಬೋಗಿಯೊಳಗೆ ಬ್ಯಾಗ್ ಎತ್ತುವವರು ನೀವೇ. ಇಪ್ಪತ್ಮೂರು ಕೆಜಿಯ ಎರಡು ಬ್ಯಾಗ್ ಬೇಡ, ಒಂದು ಸಾಕು. ಐರೋಪ್ಯ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ. ಬಾಣಂತಿಗೆಂದು ಕಾಸಿದ ತುಪ್ಪ, ಧಾರವಾಡ ಪೇಡ ಕಸ್ಟಮ್ಸ್‌ನಲ್ಲೇ ಉಳಿದಾವು. ಬೆಣ್ಣೆ ಅಲ್ಲಿಯೇ ಒಳ್ಳೆಯದು ಸಿಗುತ್ತದೆ, ಹೋಗಿ ಕಾಸಿದರಾಯಿತು. ಪಾಸ್‌ಪೋರ್ಟ್, ವಿಮೆ, ಮಗಳ ಮನೆಯ ವಿಳಾಸ, ಟಿಕೆಟ್ಟಿನ ಮುದ್ರಿತ ಪ್ರತಿ ಕೈಚೀಲದಲ್ಲಿರಲಿ. ಫೋನ್ ಚಾರ್ಜ್ ಮುಗಿದರೂ ಕಾಗದ ಇರುತ್ತದೆ.

ಮಕ್ಕಳಿಗೂ ಒಂದು ಮಾತು: ಅಮ್ಮನಿಗೆ "ನಿನ್ನ ಕೈಲಾಗಲ್ಲ" ಅನ್ನುವ ಮೊದಲು ಒಂದು ಚೀಟಿ ಬರೆದು ಕಳಿಸಿ.

ಚಹಾ ಆದ ಮೇಲೆ ನಾನು ಇಲ್ಲೇ ಇರುತ್ತೇನೆ. ಯಾರು ಯಾವ ಊರಿಗೆ ಹೊರಟಿದ್ದೀರೋ ಹೇಳಿ, ನಿಮ್ಮ ಚೀಟಿಯನ್ನು ಇವತ್ತೇ ಬರೆದುಕೊಡುತ್ತೇನೆ.