ಒಂದು ಪದಕ್ಕೆ ಬಂದ ಅಪವಾದ

ಪದಗಳ ವಂಶಾವಳಿಯನ್ನು ಹುಡುಕುವುದು ಭಾಷಾಧ್ಯಾಪಕರಿಗೆ ಅಂಟಿದ ಚಟ. ಆ ಚಟದಲ್ಲಿ ನಾನು ಎಸಗಿದ ಒಂದು ತಪ್ಪನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಗುಟ್ಟಾಗಿ ಒಳಸಂಚು ಹೂಡುವ ಸಣ್ಣ ಕೂಟಕ್ಕೆ ಇಂಗ್ಲಿಷಿನಲ್ಲಿ 'ಕಬಾಲ್' ಎಂಬ ಪದವಿದೆ. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಕ್ಲಿಫರ್ಡ್, ಆರ್ಲಿಂಗ್ಟನ್, ಬಕಿಂಗ್‌ಹ್ಯಾಮ್, ಆಶ್ಲಿ, ಲಾಡರ್‌ಡೇಲ್ ಎಂಬ ಐವರು ಮಂತ್ರಿಗಳಿದ್ದರೆಂದೂ ಅವರ ಹೆಸರುಗಳ ಮೊದಲ ಅಕ್ಷರಗಳು ಕೂಡಿ ಈ ಪದ ಹುಟ್ಟಿತೆಂದೂ ನಾನು ತರಗತಿಯಲ್ಲಿ ಬಹುಕಾಲ ಹೇಳುತ್ತ ಬಂದೆ. ವಿದ್ಯಾರ್ಥಿಗಳು ಬೆರಗಾಗುತ್ತಿದ್ದರು; ನಾನು ಹಿಗ್ಗುತ್ತಿದ್ದೆ. ಕಥೆ ಸೊಗಸಾಗಿತ್ತು, ಆದರೆ ನಿಜವಾಗಿರಲಿಲ್ಲ. ಆ ಐವರು ಅಧಿಕಾರಕ್ಕೆ ಬರುವ ಮೊದಲೇ ಪದವು ಇಂಗ್ಲಿಷಿನಲ್ಲಿ ಬಳಕೆಯಲ್ಲಿತ್ತು. ಅಕ್ಷರಗಳು ಹೊಂದಿಕೊಂಡದ್ದು ಕೇವಲ ಆಕಸ್ಮಿಕ.

ಇನ್ನೂ ಸೋಜಿಗದ ಸಂಗತಿಯೊಂದುಂಟು. 1670ರಲ್ಲಿ ಚಾರ್ಲ್ಸ್ ದೊರೆಯು ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯೊಡನೆ ಡೋವರಿನಲ್ಲಿ ರಹಸ್ಯ ಒಪ್ಪಂದ ಮಾಡಿಕೊಂಡನು. ತಾನು ಕ್ಯಾಥೊಲಿಕ್ ಮತವನ್ನು ಬಹಿರಂಗವಾಗಿ ಸ್ವೀಕರಿಸುವೆನೆಂಬ ವಾಗ್ದಾನ ಅದರಲ್ಲಿತ್ತು. ಈ ಗುಟ್ಟು ಐವರಲ್ಲಿ ಕ್ಲಿಫರ್ಡ್ ಮತ್ತು ಆರ್ಲಿಂಗ್ಟನ್ನರಿಗೆ ಮಾತ್ರ ಗೊತ್ತಿತ್ತು. ಉಳಿದ ಮೂವರ ಕಣ್ಣಿಗೆ ಮಣ್ಣೆರಚಲು, ಆ ಮಾತನ್ನು ಕೈಬಿಟ್ಟ ಮತ್ತೊಂದು ಪತ್ರವನ್ನು ಸಿದ್ಧಪಡಿಸಿ ಅದೇ ವರ್ಷ ಅವರಿಂದಲೂ ಸಹಿ ಹಾಕಿಸಲಾಯಿತು. ಸಂಚುಗಾರರೆಂದು ಹೆಸರಾದವರಲ್ಲಿ ಮೂವರು ತಾವೇ ಸಂಚಿಗೆ ಸಿಕ್ಕಿಬಿದ್ದಿದ್ದರು!

ಪದದ ನಿಜವಾದ ತವರು ಹೀಬ್ರೂ ಭಾಷೆ. ಅಲ್ಲಿ 'ಕಬ್ಬಾಲಾ' ಎಂದರೆ ಪಡೆದುಕೊಂಡದ್ದು, ಪರಂಪರೆಯಿಂದ ಬಂದ ಅರಿವು. ಯೆಹೂದ್ಯರು ತಮ್ಮ ಅನುಭಾವ ಮಾರ್ಗವನ್ನು ಈ ಹೆಸರಿನಿಂದ ಕರೆದರು. ಲ್ಯಾಟಿನ್, ಫ್ರೆಂಚ್ ಭಾಷೆಗಳ ಮೂಲಕ ಇಂಗ್ಲಿಷಿಗೆ ಬಂದ ಈ ಪದಕ್ಕೆ ಮೊದಲು ಗೂಢವಿದ್ಯೆ ಎಂಬ ಅರ್ಥವಿತ್ತು. ಆಮೇಲೆ ಗುಟ್ಟು, ಕೊನೆಗೆ ಒಳಸಂಚು ಎಂಬ ಅರ್ಥಗಳು ಬಂದವು. ಒಂದು ಜನಾಂಗ ಗೌರವದಿಂದ ಕಾಪಾಡಿಕೊಂಡ ಮಾತು, ಅದನ್ನು ಅರಿಯದವರ ಬಾಯಲ್ಲಿ ಬೈಗುಳವಾಯಿತು.

ನಾವೂ ಇದಕ್ಕೆ ಹೊರತಲ್ಲ. ನಮ್ಮ 'ಮಸಲತ್ತು' ಪದವನ್ನೇ ನೋಡಿ. ಅರಬ್ಬಿಯ ಅದರ ಮೂಲದಲ್ಲಿ ಹಿತ, ಕ್ಷೇಮ ಎಂಬ ಅರ್ಥವಿದೆ. ಹಿತಚಿಂತನೆಯ ಸಮಾಲೋಚನೆಯಾಗಿ ನಮ್ಮಲ್ಲಿಗೆ ಬಂದದ್ದು ಇಂದು ಪಿತೂರಿಯಾಗಿದೆ. ನಾಲ್ವರು ಬಾಗಿಲು ಮುಚ್ಚಿ ಮಾತಾಡಿದರೆ ಕೇಡನ್ನೇ ಊಹಿಸುವ ನಮ್ಮ ಮನಸ್ಸಿನ ಚರಿತ್ರೆಯೂ ಈ ಪದಗಳಲ್ಲಿ ಅಡಗಿದೆ.

ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಈ ಮಾತನ್ನು ಕೇಳುತ್ತಿದ್ದರೆ, ಅಂದಿನ ಟಿಪ್ಪಣಿಯನ್ನು ದಯವಿಟ್ಟು ತಿದ್ದಿಕೊಳ್ಳಬೇಕು. ಅಧ್ಯಾಪಕರಾಗಿದ್ದು ಅದೇ ಕಥೆಯನ್ನು ಹೇಳುತ್ತಿದ್ದರೆ, ಇನ್ನು ಮುಂದಾದರೂ ನಿಲ್ಲಿಸಬೇಕು.