ಆಕಾಶದ ಹಲ್ಲಿಯ ನಾಡಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ 'ನೀವು ಭೌತಶಾಸ್ತ್ರದ ಮೇಷ್ಟ್ರು, ವಿಜ್ಞಾನದ ಬಗ್ಗೆ ಏನಾದರೂ ಹೇಳಿ, ಆದರೆ ಬೋರ್ ಹೊಡೆಸಬೇಡಿ' ಅಂದರು. ಎರಡನೆಯದಕ್ಕೆ ಮಾತು ಕೊಡಲಾರೆ. ಇವತ್ತು ನಾನು ಒಂದೇ ಒಂದು ನಕ್ಷತ್ರದ ಬಗ್ಗೆ ಮಾತಾಡುತ್ತೇನೆ. ಅದು ನಮ್ಮ ದೀಪಾಂಜಲಿ ನಗರದಿಂದ ಬರಿಗಣ್ಣಿಗೆ ಕಾಣುವುದೂ ಇಲ್ಲ. ಹೆಸರಲ್ಲೇ ದೀಪ ಇಟ್ಟುಕೊಂಡ ಊರು ನಮ್ಮದು. ಮೆಟ್ರೋ ನಿಲ್ದಾಣದ ದೀಪ, ಮೈಸೂರು ರಸ್ತೆಯ ದೀಪ, ಬಿಎಚ್‌ಇಎಲ್ ಕಾಂಪೌಂಡಿನ ದೀಪ ಎಲ್ಲ ಸೇರಿ ಆಕಾಶವನ್ನು ಬೂದಿ ಬಣ್ಣ ಮಾಡಿಬಿಟ್ಟಿವೆ. ನಾವು ಇಲ್ಲಿ ಓದುವಾಗ ಕರೆಂಟು ಹೋದರೆ ಚುಕ್ಕಿ ಎಣಿಸಬಹುದಿತ್ತು. ಈಗ ಕರೆಂಟು ಹೋದರೆ ಅಪಾರ್ಟ್‌ಮೆಂಟಿನ ಜನರೇಟರ್ ಶುರುವಾಗುತ್ತದೆ.

ಆ ನಕ್ಷತ್ರ ಇರುವುದು ಹಲ್ಲಿ ಎಂಬ ನಕ್ಷತ್ರಪುಂಜದಲ್ಲಿ. ಮಕ್ಕಳು ನಗುತ್ತಿದ್ದಾರೆ, ನಗಲಿ. ಕನ್ನಡದ ಖಗೋಳ ಪುಸ್ತಕಗಳಲ್ಲಿ ಇದಕ್ಕೆ ಮುಸಲೀ ಎಂಬ ಸಂಸ್ಕೃತದ ಹೆಸರಿದೆ. ಅರ್ಥ ಅದೇ, ಗೋಡೆಯ ಹಲ್ಲಿ. ನಮ್ಮ ಪುಸ್ತಕಗಳು ಉತ್ತರದ ಆಕಾಶವನ್ನು ಪಾಂಡವರ ಮನೆ ಮಾಡಿವೆ. ಕುಂತಿ, ದ್ರೌಪದಿ, ಪಾರ್ಥ, ಯುಧಿಷ್ಠಿರ, ನಕುಲ ಎಲ್ಲರೂ ಅಕ್ಕಪಕ್ಕದಲ್ಲೇ ಇದ್ದಾರೆ. ಕುಂತಿಗೂ ರಾಜಹಂಸಕ್ಕೂ ನಡುವೆ ಖಾಲಿ ಉಳಿದ ಜಾಗದಲ್ಲಿ, ಆ ದೊಡ್ಡ ಮನೆಯ ಗೋಡೆಗೆ ಅಂಟಿಕೊಂಡಂತೆ ಈ ಹಲ್ಲಿ ಇದೆ. 17ನೇ ಶತಮಾನದ ಕೊನೆಯಲ್ಲಿ ಹೆವೆಲಿಯಸ್ ಎಂಬ ಪೋಲೆಂಡಿನ ಖಗೋಳಜ್ಞ ಈ ಖಾಲಿ ಜಾಗ ತುಂಬಿಸಲು ಅದನ್ನು ಬರೆದ. ದೊಡ್ಡ ಪ್ರಾಣಿ ಹಿಡಿಸುವಷ್ಟು ಜಾಗವೂ ಇರಲಿಲ್ಲ, ಪ್ರಕಾಶವಾದ ಚುಕ್ಕಿಗಳೂ ಇರಲಿಲ್ಲ.

ಈ ಹಲ್ಲಿಯಲ್ಲಿ 12ನೇ ನಂಬರಿನ ನಕ್ಷತ್ರವೇ ನನ್ನ ಕಥಾನಾಯಕ. ನೀಲಿ ಬಣ್ಣ. ನಮ್ಮ ಸೂರ್ಯನ ಮೇಲ್ಮೈ ಶಾಖ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಇದರದು 20 ಸಾವಿರ ಡಿಗ್ರಿಗೂ ಹೆಚ್ಚು. ಕುಲುಮೆಯಲ್ಲಿ ಕಬ್ಬಿಣ ಕಾಯಿಸುವುದನ್ನು ನೋಡಿದವರಿಗೆ ಗೊತ್ತು, ಮೊದಲು ಕೆಂಪು, ಆಮೇಲೆ ಹಳದಿ, ಆಮೇಲೆ ಬಿಳಿ. ಅದಕ್ಕೂ ಮುಂದೆ ಹೋದರೆ ನೀಲಿ, ಆದರೆ ಯಾವ ಕುಲುಮೆಯೂ ಅಲ್ಲಿಗೆ ಮುಟ್ಟುವುದಿಲ್ಲ. ತೂಕ ಸೂರ್ಯನ ಹತ್ತು ಪಟ್ಟಿನ ಆಸುಪಾಸು. ದೂರ ಸಾವಿರಕ್ಕೂ ಹೆಚ್ಚು ಜ್ಯೋತಿರ್ವರ್ಷ. ಅಂದರೆ ಈ ರಾತ್ರಿ ದೂರದರ್ಶಕಕ್ಕೆ ಬೀಳುವ ಅದರ ಬೆಳಕು ಅಲ್ಲಿಂದ ಹೊರಟಾಗ ಬೇಲೂರು ಹಳೇಬೀಡಿನ ಕಲ್ಲುಗಳು ಇನ್ನೂ ಕ್ವಾರಿಯಲ್ಲಿದ್ದವು.

ಇದರ ವಿಶೇಷ ಏನೆಂದರೆ ಇದು ಮಿಡಿಯುತ್ತದೆ. ಚುಕ್ಕಿಗಳು ಮಿನುಗುವುದು ಬೇರೆ, ಅದು ನಮ್ಮ ಗಾಳಿಯ ಆಟ. ಇದು ನಿಜವಾಗಿಯೂ ಉಬ್ಬಿ, ತಗ್ಗಿ, ಮತ್ತೆ ಉಬ್ಬುತ್ತದೆ. ಒಂದು ಸುತ್ತಿಗೆ 4 ಗಂಟೆ 38 ನಿಮಿಷ. ಬೆಳಗ್ಗೆ 10ಕ್ಕೆ ನಮ್ಮ ಪ್ರಾರ್ಥನೆ ಶುರುವಾದಾಗ ಅದು ಉಬ್ಬಿತು ಅಂದುಕೊಳ್ಳಿ, ಬಿಸಿಯೂಟ ಮುಗಿದು ಮಧ್ಯಾಹ್ನದ ತರಗತಿಯಲ್ಲಿ ಮಕ್ಕಳು ತೂಕಡಿಸುವ ಹೊತ್ತಿಗೆ ಮತ್ತೆ ಉಬ್ಬುತ್ತದೆ. ಬೆಳಕಿನಲ್ಲಿ ಆಗುವ ವ್ಯತ್ಯಾಸ ಶೇಕಡಾ 10ರ ಸುಮಾರು. ಕಣ್ಣಿಗೆ ಗೊತ್ತಾಗುವುದಿಲ್ಲ, ಉಪಕರಣಕ್ಕೆ ಗೊತ್ತಾಗುತ್ತದೆ.

ಈ ಜಾತಿಯ ನಕ್ಷತ್ರಗಳಲ್ಲಿ ಮೊದಲು ಸಿಕ್ಕಿದ್ದು ಪಕ್ಕದ ಯುಧಿಷ್ಠಿರ ಪುಂಜದ ಬೀಟಾ ಎಂಬ ನಕ್ಷತ್ರ. 1902ರಲ್ಲಿ ಅಮೆರಿಕದ ಯರ್ಕ್ಸ್ ವೀಕ್ಷಣಾಲಯದಲ್ಲಿ ಎಡ್ವಿನ್ ಫ್ರಾಸ್ಟ್ ಎಂಬವರು ಅದರ ಮೇಲ್ಮೈ ನಮ್ಮ ಕಡೆಗೂ ಆಚೆಗೂ ಓಡಾಡುವುದನ್ನು ಕಂಡರು. ಆಗಿನಿಂದ ಈ ಇಡೀ ಬಳಗಕ್ಕೆ 'ಬೀಟಾ ಸೆಫೈ' ಅಂತ ಹೆಸರು. ಮಿಡಿಯುವುದು ಗೊತ್ತಾಯಿತು. ಯಾಕೆ ಮಿಡಿಯುತ್ತದೆ?

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ನಾನು ಪಿಯು ಮಕ್ಕಳಿಗೆ ಪಾಠ ಶುರುಮಾಡಿದಾಗ ನನ್ನ ಹತ್ತಿರ ಒಂದು ಹಳೆಯ ಪುಸ್ತಕ ಇತ್ತು. ಅದರಲ್ಲಿ 'ಈ ನೀಲಿ ನಕ್ಷತ್ರಗಳು ಯಾಕೆ ಮಿಡಿಯುತ್ತವೆ ಎಂಬುದು ಯಾರಿಗೂ ತಿಳಿದಿಲ್ಲ' ಎಂದಿತ್ತು. ನಾನು ಅದನ್ನೇ, ಸ್ವಲ್ಪ ನಾಟಕೀಯವಾಗಿ, ವರ್ಷವರ್ಷವೂ ಹೇಳುತ್ತಿದ್ದೆ. 'ನಿಮ್ಮಲ್ಲಿ ಯಾರಾದರೂ ಕಂಡುಹಿಡಿಯಬೇಕು' ಎಂದು ಮುಗಿಸುತ್ತಿದ್ದೆ, ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು. ಉತ್ತರ 1992ರಲ್ಲೇ ಬಂದಿತ್ತು. ನನಗೆ ಗೊತ್ತಾಗಿದ್ದು ಎಂಟು ವರ್ಷ ಬಿಟ್ಟು, ಅದೂ ಒಬ್ಬ ವಿದ್ಯಾರ್ಥಿ ಎದ್ದು ನಿಂತು 'ಸಾರ್, ಅದು ಗೊತ್ತಾಗಿದೆಯಂತೆ' ಎಂದ ಮೇಲೆ. ಆ ಹುಡುಗನಿಗೆ ಆ ದಿನ ನಾನು ಸರಿಯಾಗಿ ಉತ್ತರ ಕೊಡಲಿಲ್ಲ, 'ಕೂತ್ಕೋ' ಎಂದೆ. ಇವತ್ತು ಕೊಡುತ್ತೇನೆ.

ಅಡಿಗೆಮನೆಯಲ್ಲಿ ಮುದ್ದೆಗೆ ಎಸರಿಟ್ಟ ಪಾತ್ರೆಯ ಮುಚ್ಚಳ ನೋಡಿ. ಒಳಗಿನ ಹಬೆ ಸೇರಿಕೊಂಡು ಮುಚ್ಚಳವನ್ನು ಎತ್ತುತ್ತದೆ. ಎತ್ತಿದ ಕೂಡಲೇ ಹಬೆ ತಪ್ಪಿಸಿಕೊಳ್ಳುತ್ತದೆ, ಮುಚ್ಚಳ ಬೀಳುತ್ತದೆ. ಮತ್ತೆ ಹಬೆ ಸೇರುತ್ತದೆ. ಟಕ ಟಕ ಟಕ. ನಕ್ಷತ್ರದಲ್ಲಿ ಹಬೆಯ ಬದಲು ಬೆಳಕು. ಒಳಗಿನಿಂದ ಹೊರಗೆ ಹರಿಯುವ ಬೆಳಕನ್ನು ಯಾವುದಾದರೂ ಪದರ ಅಡ್ಡಗಟ್ಟಿದರೆ, ಅದೂ ನಕ್ಷತ್ರ ಕುಗ್ಗಿದಾಗ ಹೆಚ್ಚು ಅಡ್ಡಗಟ್ಟಿ, ಹಿಗ್ಗಿದಾಗ ಬಿಟ್ಟುಕೊಟ್ಟರೆ, ನಕ್ಷತ್ರ ಈ ಮುಚ್ಚಳದಂತೆ ಕುಣಿಯುತ್ತದೆ. ತಣ್ಣಗಿನ ಹಳದಿ ನಕ್ಷತ್ರಗಳಲ್ಲಿ ಈ ಮುಚ್ಚಳದ ಕೆಲಸ ಮಾಡುವುದು ಹೀಲಿಯಂ ಎಂದು ಮೊದಲೇ ತಿಳಿದಿತ್ತು. ಆದರೆ ಬಿಸಿ ನೀಲಿ ನಕ್ಷತ್ರಗಳಲ್ಲಿ ಹೀಲಿಯಂ ಪದರ ತೀರ ಮೇಲೆ, ತೀರ ತೆಳು. ಅದಕ್ಕೆ ಶಕ್ತಿ ಸಾಲದು. ಹಾಗಾದರೆ ಮುಚ್ಚಳ ಯಾವುದು? ಲೆಕ್ಕ ಹಾಕಿದವರಿಗೆಲ್ಲ ಈ ನಕ್ಷತ್ರಗಳು ಮಿಡಿಯಲೇಬಾರದು ಎಂಬ ಉತ್ತರ ಬರುತ್ತಿತ್ತು. ನಕ್ಷತ್ರಗಳು ಮಾತ್ರ ಮಿಡಿಯುತ್ತಲೇ ಇದ್ದವು.

1982ರಲ್ಲಿ ನಾರ್ಮನ್ ಸೈಮನ್ ಎಂಬ ವಿಜ್ಞಾನಿ ಒಂದು ಲೇಖನ ಬರೆದರು. ಅದು ಒಂದು ಬಗೆಯ ಅರ್ಜಿ. ಭಾರದ ಧಾತುಗಳು ಬೆಳಕನ್ನು ಎಷ್ಟು ತಡೆಯುತ್ತವೆ ಎಂಬ ಪಟ್ಟಿಗಳನ್ನು ದಯವಿಟ್ಟು ಮತ್ತೊಮ್ಮೆ ಪರಿಶೀಲಿಸಿ, ಅವು ಎರಡು ಮೂರು ಪಟ್ಟು ಕಡಿಮೆ ಇರಬಹುದು ಎಂದು ಕೇಳಿಕೊಂಡರು. ಆ ಪಟ್ಟಿಗಳನ್ನು ಎಲ್ಲರೂ ಲಾಗರಿದಮ್ ಟೇಬಲ್ ಬಳಸುವಂತೆ ಬಳಸುತ್ತಿದ್ದರು, ಯಾರೂ ಅನುಮಾನಿಸಿರಲಿಲ್ಲ. ಹತ್ತು ವರ್ಷದ ಒಳಗೆ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಹೊಸ ಲೆಕ್ಕ ಆಯಿತು. ನಕ್ಷತ್ರದೊಳಗೆ ಎರಡು ಲಕ್ಷ ಡಿಗ್ರಿ ಶಾಖವಿರುವ ಆಳದಲ್ಲಿ ಒಂದು ಧಾತು ಹಿಂದೆ ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ಬೆಳಕನ್ನು ತಡೆಯುತ್ತಿತ್ತು. 1992ರಲ್ಲಿ ಅದನ್ನು ಹಾಕಿ ನೋಡಿದರೆ ನೀಲಿ ನಕ್ಷತ್ರಗಳು ಕಾಗದದ ಮೇಲೂ ಮಿಡಿದವು.

ಆ ಧಾತು ಕಬ್ಬಿಣ. ಮಕ್ಕಳೇ, ವಾರಕ್ಕೊಮ್ಮೆ ನಿಮಗೆ ಶಾಲೆಯಲ್ಲಿ ಒಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಕೆಲವರು ಅದನ್ನು ಕಿಟಕಿಯಿಂದ ಆಚೆ ಎಸೆಯುತ್ತೀರಂತೆ, ಅದರಲ್ಲಿರುವುದೂ ಅದೇ ಕಬ್ಬಿಣ. ಹಲ್ಲಿಯ ನಕ್ಷತ್ರದಲ್ಲಿ ಕಬ್ಬಿಣ ಇರುವುದು ಹೈಡ್ರೋಜನ್ ಮುಂದೆ ಏನೂ ಅಲ್ಲ ಎನ್ನುವಷ್ಟು, ಸಾರಿಗೆ ಹಾಕಿದ ಇಂಗಿನಷ್ಟು. ಅಷ್ಟರಿಂದಲೇ ಇಡೀ ನಕ್ಷತ್ರ ಮಿಡಿಯುತ್ತದೆ. ಮಾತ್ರೆ ನುಂಗಿ.

ಇದು ಯಾವುದೋ ಕಾಣದ ಹಲ್ಲಿಯ ಕಥೆ, ನಮಗೇನು ಎಂದು ಹಿರಿಯರು ಅಂದುಕೊಳ್ಳುತ್ತಿರಬಹುದು. ಇದೇ ಬಳಗದ ನಕ್ಷತ್ರಗಳು ನಿಮ್ಮ ಪಂಚಾಂಗದಲ್ಲೇ ಇವೆ. ಚಿತ್ತಾ ಮಳೆ ಎನ್ನುತ್ತೇವಲ್ಲ, ಆ ಚಿತ್ತಾ ನಕ್ಷತ್ರ ಬಿಸಿ ನೀಲಿ ನಕ್ಷತ್ರ. ಚಿತ್ತಾ ಮಳೆ ಬರುವ ಅಕ್ಟೋಬರಿನಲ್ಲಿ ಸೂರ್ಯ ಅದರ ಹತ್ತಿರ ಇರುವುದರಿಂದ ನಕ್ಷತ್ರ ಕಾಣುವುದಿಲ್ಲ, ಬೇಸಿಗೆಯ ರಾತ್ರಿಗಳಲ್ಲಿ ಬೆಂಗಳೂರಿನಲ್ಲೂ ಚೆನ್ನಾಗಿ ಕಾಣುತ್ತದೆ. 1960ರ ದಶಕದ ಕೊನೆಯಲ್ಲಿ ಅದು ಸುಮಾರು 4 ಗಂಟೆ 10 ನಿಮಿಷಕ್ಕೊಮ್ಮೆ ಮಿಡಿಯುವುದು ಗೊತ್ತಾಯಿತು. ಕೆಲವೇ ವರ್ಷಗಳಲ್ಲಿ, 70ರ ದಶಕದ ಆರಂಭಕ್ಕೆ, ಮಿಡಿತ ಕುಗ್ಗಿ ಅಂದಿನ ಉಪಕರಣಗಳಿಗೆ ಸಿಗದಂತಾಯಿತು. ನಕ್ಷತ್ರದ ಅಕ್ಷ ನಿಧಾನವಾಗಿ ಬುಗುರಿಯಂತೆ ವಾಲುತ್ತಿರುವುದರಿಂದ ನಮಗೆ ಕಾಣುವ ಮಗ್ಗುಲು ಬದಲಾಯಿತು ಎಂಬುದು ಒಂದು ವಿವರಣೆ. ಆಮೇಲೆ ಬಾಹ್ಯಾಕಾಶದ ದೂರದರ್ಶಕಗಳು ಅದರಲ್ಲಿ ಸಣ್ಣ ಮಿಡಿತಗಳನ್ನು ಮತ್ತೆ ಕಂಡಿವೆ. ಕಾರ್ಯಕ್ರಮಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ, ಆದರೂ ಒಂದು ನಕ್ಷತ್ರದ ನಾಡಿ ಮನುಷ್ಯರ ಕಣ್ಣೆದುರಿಗೇ ಸಿಕ್ಕಿ ತಪ್ಪಿಹೋದದ್ದು ನನಗೆ ಈಗಲೂ ಮೈ ಜುಮ್ಮೆನಿಸುತ್ತದೆ.

ಇನ್ನೊಂದು ಮೂಲಾ. ಇದನ್ನು ಹೇಳಲೆಂದೇ ನಾನು ಬಂದದ್ದು. ವೃಶ್ಚಿಕದ ಬಾಲದ ಕೊಂಡಿಯಲ್ಲಿರುವ, ಮೂಲಾ ನಕ್ಷತ್ರದ ಅತಿ ಪ್ರಕಾಶದ ಚುಕ್ಕಿ ಕೂಡ ಬೀಟಾ ಸೆಫೈ ಬಳಗದ್ದೇ. 5 ಗಂಟೆ 8 ನಿಮಿಷಕ್ಕೊಮ್ಮೆ ಮಿಡಿಯುತ್ತದೆ. ನಮ್ಮ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು, ಹೆಸರು ಬೇಡ. ಗಣಿತದಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಅವಳು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಮೂಲಾ ಮಾವನಿಗಾಗದು ಎಂದು ಮೂರು ಸಂಬಂಧ ತಪ್ಪಿದವು. ಕೊನೆಗೆ ಮಾವ ಇಲ್ಲದ ಮನೆಯನ್ನೇ ಹುಡುಕಿ ಕೊಟ್ಟರು. ಗಂಡು ಚೆನ್ನಾಗಿದ್ದಾನೋ ಇಲ್ಲವೋ ಎಂದು ಕೇಳುವ ಮೊದಲು ಅವನಪ್ಪ ಸತ್ತಿದ್ದಾನೋ ಎಂದು ಕೇಳಿದರು. ಅವಳ ಓದು ಅಲ್ಲಿಗೆ ನಿಂತಿತು. ಇಲ್ಲಿ ಕೂತಿರುವ ಎಷ್ಟು ತಾಯಂದಿರಿಗೆ ಇಂಥದ್ದು ಗೊತ್ತಿದೆಯೋ, ಕೈ ಎತ್ತಲು ಹೇಳುವುದಿಲ್ಲ.

ನಾನು ಪಂಚಾಂಗ ಸುಡಿ ಎನ್ನುವ ಮನುಷ್ಯ ಅಲ್ಲ. ನಮ್ಮಜ್ಜಿ ಮಳೆ ನಕ್ಷತ್ರ ಹಿಡಿದೇ ರಾಗಿ ಬಿತ್ತನೆ ಹೇಳುತ್ತಿದ್ದಳು. ಅದು ಸೂರ್ಯ ಎಲ್ಲಿದ್ದಾನೆ ಎಂಬ ಲೆಕ್ಕ, ಅಂದರೆ ಋತುವಿನ ಲೆಕ್ಕ, ಅದಕ್ಕೆ ಅರ್ಥವಿದೆ. ಹಲ್ಲಿ ಭುಜದ ಮೇಲೆ ಬಿದ್ದರೆ ಏನು, ತಲೆಯ ಮೇಲೆ ಬಿದ್ದರೆ ಏನು ಎಂಬ ಪಟ್ಟಿಯೂ ಅದೇ ಪಂಚಾಂಗದಲ್ಲಿದೆ, ಅದನ್ನು ಓದಿ ನಕ್ಕು ಪುಟ ತಿರುಗಿಸುತ್ತೇವೆ. ಮೂಲಾ ವಿಷಯಕ್ಕೆ ಬಂದಾಗ ಮಾತ್ರ ನಗುವುದಿಲ್ಲ. ನೂರಾರು ಜ್ಯೋತಿರ್ವರ್ಷ ಆಚೆ, ಕಬ್ಬಿಣದ ಒಂದು ಪದರದಿಂದ ಉಬ್ಬಿ ತಗ್ಗುತ್ತಿರುವ ಅನಿಲದ ಗುಡ್ಡೆಗೆ ಅತ್ತಿಗುಪ್ಪೆಯ ಯಾವ ಮಾವನ ಆಯಸ್ಸೂ ಗೊತ್ತಿಲ್ಲ.

ಇನ್ನು ನಮ್ಮವರು ಏನು ಮಾಡುತ್ತಿದ್ದಾರೆ ಎಂಬುದು. ಹಲ್ಲಿಯ ನಕ್ಷತ್ರದಲ್ಲಿ ಒಂದಲ್ಲ, ಹಲವು ಮಿಡಿತಗಳು ಒಂದರ ಮೇಲೊಂದು ಕೂತಿವೆ. ಬಿಡಿಸಬೇಕಾದರೆ ಹಗಲಾಗದೆ ನೋಡುತ್ತಲೇ ಇರಬೇಕು. ಒಂದೇ ಊರಿನಿಂದ ಅದು ಆಗದು. ಅದಕ್ಕೇ 1956ರಲ್ಲಿ ಹಲವು ದೇಶಗಳ ವೀಕ್ಷಣಾಲಯಗಳು ಒಟ್ಟಾಗಿ, ರಿಲೇ ಓಟದಲ್ಲಿ ಕೋಲು ದಾಟಿಸಿದಂತೆ, ಈ ಒಂದು ನಕ್ಷತ್ರವನ್ನು ಹಿಂಬಾಲಿಸಿದವು. ಇಂಥ ಕೆಲಸಕ್ಕೆ ಭಾರತದ ರೇಖಾಂಶ ಬಹಳ ಮುಖ್ಯ. ಅಮೆರಿಕದಲ್ಲಿ ಹಗಲಾದಾಗ ನಮಗೆ ರಾತ್ರಿ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಸಂಪರ್ಕದಿಂದ ನಡೆಸುತ್ತಾರೆ. ನಡೆಸುವ ಸಂಸ್ಥೆ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಬಿಸಿ ನಕ್ಷತ್ರಗಳ ಬೆಳಕಿನ ಹೆಚ್ಚಿನ ಪಾಲು ನಮ್ಮ ಕಣ್ಣಿಗೆ ಕಾಣದ ಅತಿನೇರಳೆ, ಗಾಳಿ ಅದನ್ನು ಕೆಳಗೆ ಬಿಡುವುದಿಲ್ಲ. ಅದನ್ನು ನೋಡುವ ದೂರದರ್ಶಕವನ್ನು ಇದೇ ಹೊಸಕೋಟೆಯಲ್ಲಿ ಜೋಡಿಸಿ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಹಾರಿಸಿದರು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ಮೆಟ್ರೋ ನಿಲ್ದಾಣ ಶುರುವಾಯಿತು. ನಮಗೆಲ್ಲ ಎರಡನೆಯದು ಮಾತ್ರ ನೆನಪಿದೆ, ನನಗೂ. ಒಂದು ತಮಾಷೆ ಎಂದರೆ ಹಲ್ಲಿಯ 12ರಂಥ ನಕ್ಷತ್ರದ ಕಡೆ ಆ ದೂರದರ್ಶಕವನ್ನು ತಿರುಗಿಸುವಂತಿಲ್ಲ. ಅತಿನೇರಳೆಯಲ್ಲಿ ಅದು ಎಷ್ಟು ಪ್ರಖರ ಎಂದರೆ ಉಪಕರಣದ ಕಣ್ಣೇ ಹಾಳಾದೀತು. ನಮ್ಮ ಕಣ್ಣಿಗೆ ಕಾಣದಷ್ಟು ಮಂಕು, ಅದರ ಕಣ್ಣಿಗೆ ತಡೆಯಲಾಗದಷ್ಟು ಬೆಳಕು.

ನನ್ನದೊಂದು ಬೇಡಿಕೆ ಇದೆ. ಸುವರ್ಣ ಮಹೋತ್ಸವದ ನಿಧಿಯಿಂದ ಏನು ಮಾಡಬೇಕು ಎಂಬ ಚರ್ಚೆ ನಡೆಯುತ್ತಿದೆ. ಸ್ವಾಗತ ಕಮಾನು ಎಂದು ಕೆಲವರು, ವೇದಿಕೆಗೆ ತಗಡಿನ ಸೂರು ಎಂದು ಕೆಲವರು. ಸೂರು ಆಗಲಿ, ಮಳೆಯಲ್ಲಿ ಮಕ್ಕಳು ನೆನೆಯಬಾರದು. ಕಮಾನಿನ ದುಡ್ಡಿನ ಒಂದು ಪಾಲಿನಲ್ಲಿ ಎರಡು ಒಳ್ಳೆಯ ಬೈನಾಕ್ಯುಲರ್, ಒಂದು ಗಟ್ಟಿ ಸ್ಟ್ಯಾಂಡ್ ಕೊಳ್ಳಿ. ಮತ್ತು ತಿಂಗಳಿಗೊಮ್ಮೆ ತಾರಸಿಯ ಬಾಗಿಲಿನ ಬೀಗ ತೆಗೆಯಿಸಿ. ಅದಕ್ಕೆ ದುಡ್ಡು ಬೇಡ. ಆ ಸಂಜೆ ಹೆಣ್ಣುಮಕ್ಕಳನ್ನು ಮನೆಗೆ ಬಿಡುವ ಜವಾಬ್ದಾರಿ ಹಳೆಯ ವಿದ್ಯಾರ್ಥಿಗಳ ಸಂಘದ್ದು, ನನ್ನ ಹೆಸರು ಮೊದಲು ಬರೆದುಕೊಳ್ಳಿ.

ಕಣ್ಣಿಗೆ ಗೊತ್ತಾಗುವ ಮಿಡಿತ ಬೇಕೆನ್ನುವ ಮಕ್ಕಳಿಗೆ ಯುಧಿಷ್ಠಿರ ಪುಂಜದಲ್ಲೇ ಡೆಲ್ಟಾ ಎಂಬ ನಕ್ಷತ್ರವಿದೆ. ಐದೂಕಾಲು ದಿನಕ್ಕೆ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಮಂಕಾಗಿ ಮತ್ತೆ ಬೆಳಗುತ್ತದೆ. 1784ರಲ್ಲಿ ಅದನ್ನು ಕಂಡವನು ಜಾನ್ ಗುಡ್ರಿಕ್, ಕಿವಿ ಕೇಳದ ಹುಡುಗ, ಆಗ ಅವನಿಗೆ ಇಪ್ಪತ್ತು. ಪಕ್ಕದ ಚುಕ್ಕಿಗಳ ಜೊತೆ ಹೋಲಿಸಿ ಪುಸ್ತಕದಲ್ಲಿ ಬರೆದಿಟ್ಟ, ಅಷ್ಟೇ.

ಹಲ್ಲಿಯನ್ನು ಹುಡುಕುವವರು ಅಕ್ಟೋಬರ್ ಮೂರನೆಯ ವಾರದಲ್ಲಿ, ಮೋಡವಿಲ್ಲದ, ಚಂದ್ರನಿಲ್ಲದ ದಿನ, ರಾತ್ರಿ ಒಂಬತ್ತರ ಸುಮಾರಿಗೆ ತಾರಸಿಗೆ ಬನ್ನಿ. ಉತ್ತರಕ್ಕೆ ಮುಖ ಮಾಡಿ. ಬಲಗಡೆ ಕೆಳಗೆ ಇಂಗ್ಲಿಷಿನ ಡಬ್ಲ್ಯೂ ಅಕ್ಷರದಂಥ ಕುಂತಿ, ಎಡಗಡೆ ರಾಜಹಂಸದ ಬಾಲದ ಪ್ರಕಾಶದ ಚುಕ್ಕಿ. ಎರಡರ ನಡುವೆ, ನೆತ್ತಿಯಿಂದ ಸ್ವಲ್ಪ ಕೆಳಗೆ, ಏನೂ ಇಲ್ಲದಂತೆ ಕಾಣುವ ಜಾಗಕ್ಕೆ ಬೈನಾಕ್ಯುಲರ್ ಹಿಡಿಯಿರಿ. ಆ ಹುಡುಗಿ, ಈಗ ಅಜ್ಜಿಯಾಗಿರಬೇಕು, ಈ ಸಂಚಿಕೆ ಓದಿದರೆ ಅವಳೂ ಬರಲಿ. ಅವಳಿಗೆ ಮೊದಲ ಸರದಿ.