ತಾರೀಖಿನ ವಲಸೆ



ಬ್ಯಾಂಕೋ ಆಸ್ಪತ್ರೆಯೋ ಸರ್ಕಾರಿ ಇಲಾಖೆಯೋ ಹಳೆಯ ಡೇಟಾಬೇಸ್ ಬಿಟ್ಟು ಹೊಸದಕ್ಕೆ ಹೋಗುವಾಗ ಲಕ್ಷಾಂತರ ದಾಖಲೆಗಳು ದಾಟಬೇಕಾಗುತ್ತದೆ. ಆಗ ತುಂಬ ಸಲ ಎಡವುವುದು ತಾರೀಖಿನ ಕಾಲಂನಲ್ಲಿ. ತಾರೀಖನ್ನು ಹೇಗೆ ಇಡಬೇಕೆಂದು ಒಂದೊಂದು ವ್ಯವಸ್ಥೆ ಒಂದೊಂದು ಕಾಲದಲ್ಲಿ, ಅಂದಂದಿನ ಅಗತ್ಯ ನೋಡಿ ತೀರ್ಮಾನಿಸಿತು. ಆ ತೀರ್ಮಾನಗಳ ಇತಿಹಾಸವೇ ಇಂದಿನ ಮಾತು.

1928ರಲ್ಲಿ ಐಬಿಎಂ ತಂದ ಪಂಚ್ ಕಾರ್ಡಿನಲ್ಲಿ ಇದ್ದದ್ದು 80 ಕಾಲಂ. ಒಬ್ಬ ಗ್ರಾಹಕನ ವಿವರವೆಲ್ಲ ಅಷ್ಟರೊಳಗೆ ಹಿಡಿಯಬೇಕು. ಹಾಗಾಗಿ 1965 ಎಂಬುದು 65 ಆಯಿತು. ಕಾರ್ಡು ಹೋಗಿ ಟೇಪು ಬಂದರೂ, ಟೇಪು ಹೋಗಿ ಡಿಸ್ಕು ಬಂದರೂ ಅಭ್ಯಾಸ ಉಳಿಯಿತು. ಅಮೆರಿಕದ ಬಾಬ್ ಬೀಮರ್ 1971ರಲ್ಲೇ ಲೇಖನ ಬರೆದು ಈ ಎರಡಂಕಿ ವರ್ಷದ ಅಪಾಯದ ಬಗ್ಗೆ ಎಚ್ಚರಿಸಿದ್ದರು. ಕಿವಿಗೊಟ್ಟವರು ಕಡಿಮೆ.

ಅಷ್ಟರಲ್ಲಿ ಬೇರೆ ದಾರಿಗಳೂ ತೆರೆದವು. ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ 1970ರ ಜನವರಿ 1ನ್ನು ಸೊನ್ನೆಯಾಗಿಟ್ಟು ಸೆಕೆಂಡುಗಳನ್ನು ಎಣಿಸತೊಡಗಿತು. ಒರಾಕಲ್ ಡೇಟಾಬೇಸ್ ಒಂದು ತಾರೀಖಿಗೆ 7 ಬೈಟ್ ಕೊಟ್ಟು, ಅದರಲ್ಲೇ ಗಂಟೆ, ನಿಮಿಷ, ಸೆಕೆಂಡನ್ನೂ ಸೇರಿಸಿತು. ಕ್ರಿಸ್ತಪೂರ್ವ 4712ರವರೆಗೂ ಅದು ಹಿಂದೆ ಹೋಗಬಲ್ಲದು. ಸೈಬೇಸ್‌ನಿಂದ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ಗೆ ಬಂದ ಡೇಟ್‌ಟೈಮ್ ಎಂಬ ತಾರೀಖಿನ ಬಗೆ ಮಾತ್ರ 1753ರ ಜನವರಿ 1ಕ್ಕಿಂತ ಹಿಂದಿನದನ್ನು ಒಪ್ಪುವುದಿಲ್ಲ. ಕಾರಣ ಬ್ರಿಟನ್ನಿನ ಪಂಚಾಂಗದಲ್ಲಿದೆ. 1752ರಲ್ಲಿ ಆ ದೇಶ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾದಾಗ ಸೆಪ್ಟೆಂಬರ್ 2ರ ಮರುದಿನವೇ 14 ಆಯಿತು. ನಡುವಿನ 11 ದಿನಗಳು ಇಲ್ಲವಾದವು. ಆ ತೊಡಕಿಗೆ ಕೈಹಾಕದೆ ಮುಂದಿನ ವರ್ಷದಿಂದ ಲೆಕ್ಕ ಶುರುವಾಯಿತು. ಪರಿಣಾಮ ನೋಡಿ: ಯಾರೋ 2002ರ ಬದಲು 0202 ಎಂದು ಒತ್ತಿದ್ದರೆ ಒರಾಕಲ್ ಅದನ್ನು ಇಟ್ಟುಕೊಂಡಿರುತ್ತದೆ. ಎಸ್‌ಕ್ಯೂಎಲ್ ಸರ್ವರಿನ ಡೇಟ್‌ಟೈಮ್ ಬಾಗಿಲಲ್ಲಿ ಅದು ಸಿಕ್ಕಿಬೀಳುತ್ತದೆ. ಹಾಗೆ ಸಿಕ್ಕಿಬೀಳುವುದು ಒಳ್ಳೆಯದೇ ಎನ್ನುತ್ತೇನೆ. ಸದ್ದಿಲ್ಲದೆ ಒಳಗೆ ಬರುವ ತಪ್ಪು ಇದಕ್ಕಿಂತ ಅಪಾಯಕಾರಿ.

ಎಕ್ಸೆಲ್ ಅದಕ್ಕೆ ಸಾಕ್ಷಿ. 1983ರಲ್ಲಿ ಬಂದ ಲೋಟಸ್ 1-2-3 ಎಂಬ ತಂತ್ರಾಂಶ 1900ನ್ನು ಅಧಿಕ ವರ್ಷವೆಂದು ಎಣಿಸಿತು. 400ರಿಂದ ಭಾಗವಾಗದ ಶತಮಾನ ವರ್ಷ ಅಧಿಕ ವರ್ಷವಲ್ಲ. 1900ರಲ್ಲಿ ಫೆಬ್ರುವರಿ 29 ಇರಲೇ ಇಲ್ಲ. ಲೋಟಸ್ ಕಡತಗಳ ಜೊತೆ ಹೊಂದಿಕೊಳ್ಳಲೆಂದು ಎಕ್ಸೆಲ್ ಅದೇ ತಪ್ಪನ್ನು ಉಳಿಸಿಕೊಂಡಿತು, ಇಂದಿಗೂ ಉಳಿಸಿಕೊಂಡಿದೆ. ಮ್ಯಾಕಿಂಟಾಷ್‌ನ ಎಕ್ಸೆಲ್ ತನ್ನ ಎಣಿಕೆಯನ್ನು 1904ರಿಂದ ಆರಂಭಿಸಿತು. ಒಂದರ ಸಂಖ್ಯೆಯನ್ನು ಇನ್ನೊಂದರ ಲೆಕ್ಕದಲ್ಲಿ ಓದಿದರೆ 1462 ದಿನಗಳ ವ್ಯತ್ಯಾಸ. ಅಂದರೆ ನಾಲ್ಕು ವರ್ಷ, ಒಂದು ದಿನ.

1988ರಲ್ಲಿ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ ಬಂತು: ಮೊದಲು ನಾಲ್ಕಂಕಿಯ ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಇಷ್ಟು ಸರಳವಾದ, ಇಷ್ಟು ಉಪಕಾರಿಯಾದ ನಿಯಮ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ. ಆದರೆ ಹಳೆಯ ಎರಡಂಕಿ ಆಗಲೇ ಜಗತ್ತನ್ನೆಲ್ಲ ವ್ಯಾಪಿಸಿತ್ತು. 2000ನೇ ಇಸವಿಗೆ ಮೊದಲು ಅದನ್ನು ತಿದ್ದುವ, ವೈ2ಕೆ ಎಂದು ಕರೆದ ಕೆಲಸ ಬೆಂಗಳೂರಿನ ಕಂಪನಿಗಳಿಗೆ ಅಮೆರಿಕದ ಎಷ್ಟೋ ಗ್ರಾಹಕರನ್ನು ತಂದುಕೊಟ್ಟಿತು. ಎಷ್ಟೋ ಕಡೆ ವರ್ಷವನ್ನು ನಾಲ್ಕಂಕಿಗೆ ಹಿಗ್ಗಿಸಲಿಲ್ಲ, ಶತಮಾನವನ್ನು ಊಹಿಸುವ ಗೆರೆಯೊಂದನ್ನು ಎಳೆದರು. ಆ ಗೆರೆಯೂ ಒಂದೇ ಜಾಗದಲ್ಲಿಲ್ಲ. 60 ಎಂದರೆ ಎಸ್‌ಕ್ಯೂಎಲ್ ಸರ್ವರ್ ತಾನಾಗಿ 1960 ಎನ್ನುತ್ತದೆ, ಮೈಎಸ್‌ಕ್ಯೂಎಲ್ ಡೇಟಾಬೇಸ್ 2060 ಎನ್ನುತ್ತದೆ.

ನಮ್ಮ ನಾಡಿನ ದಾಖಲೆಗಳಲ್ಲಿ ಇನ್ನೊಂದು ವಿಶೇಷವಿದೆ. ಹುಟ್ಟಿದ ದಿನ ಬರೆದಿಡದ ಕಾಲದಲ್ಲಿ, ಶಾಲೆಗೆ ಸೇರಿಸುವಾಗ ಮೇಷ್ಟರು ಎಷ್ಟೋ ಮಕ್ಕಳಿಗೆ ಜೂನ್ 1 ಎಂದೇ ಬರೆದರು. ಕರ್ನಾಟಕದ ಹಳೆಯ ಪಟ್ಟಿಗಳಲ್ಲಿ ಆ ದಿನ ಹುಟ್ಟಿದವರ ಗುಂಪು ದೊಡ್ಡದು. ವಲಸೆಯ ತಪ್ಪು ಹಿಡಿಯಲು ಇದಕ್ಕಿಂತ ಒಳ್ಳೆಯ ಗುರುತಿಲ್ಲ. ನಾವು 01/06 ಎಂದು ಬರೆದದ್ದನ್ನು ಅಮೆರಿಕದ ಕ್ರಮದಲ್ಲಿ ಓದಿದರೆ ಆ ಗುಂಪೆಲ್ಲ ಜನವರಿ 6ಕ್ಕೆ ಹೋಗಿ ಕೂರುತ್ತದೆ. ದಿನದ ಅಂಕಿ 12 ದಾಟದಿದ್ದರೆ ಯಾವ ಯಂತ್ರವೂ ತಕರಾರು ಎತ್ತುವುದಿಲ್ಲ. ಗುಂಪು ಮೇ 31ರಲ್ಲಿ ಕಂಡರೆ ಕಾರಣ ಬೇರೆ. ನಮ್ಮ ಮಧ್ಯರಾತ್ರಿ ಗ್ರೀನಿಚ್ ಲೆಕ್ಕದಲ್ಲಿ ಹಿಂದಿನ ದಿನದ ಸಂಜೆ 6.30. ಜನ್ಮದಿನವನ್ನು ಗಂಟೆ ಸಹಿತ ಇಟ್ಟು, ಕಾಲವಲಯ ಬದಲಿಸಿ, ಆಮೇಲೆ ಗಂಟೆ ಕತ್ತರಿಸಿದರೆ ಎಲ್ಲರೂ ಒಂದು ದಿನ ಮೊದಲು ಹುಟ್ಟಿದವರಾಗುತ್ತಾರೆ. ಜನ್ಮದಿನಕ್ಕೆ ಗಂಟೆ ಬೇಡ, ವಲಯವೂ ಬೇಡ.

ಖಾಲಿ ಜಾಗಗಳದ್ದೂ ಇದೇ ಗೋಳು. ಹಳೆಯ ಮೈಎಸ್‌ಕ್ಯೂಎಲ್ ಟೇಬಲ್ಲುಗಳಲ್ಲಿ 0000-00-00 ಎಂಬ ತಾರೀಖು ಸಿಗುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಅದನ್ನು ತಿರಸ್ಕರಿಸುತ್ತದೆ. ಎಸ್‌ಕ್ಯೂಎಲ್ ಸರ್ವರ್‌ಗೆ ಖಾಲಿ ಅಕ್ಷರಸಾಲು ಕೊಟ್ಟರೆ ಅದು 1900ರ ಜನವರಿ 1 ಆಗಿ ಕೂರುತ್ತದೆ. ಗೊತ್ತಿಲ್ಲ ಎಂಬುದು ಗೊತ್ತಿದೆ ಎಂದಾಗಿಬಿಡುತ್ತದೆ. ಒಬ್ಬ ಮನುಷ್ಯನ ವಯಸ್ಸು, ಪಿಂಚಣಿ, ವಿಮೆ ಈ ತಾರೀಖಿನ ಮೇಲೆ ನಿಂತಿರುವಾಗ ಇದನ್ನು ಸಣ್ಣ ತಪ್ಪೆಂದು ನಾನು ಒಪ್ಪಲಾರೆ.

ಈ ಕೆಲಸದಲ್ಲಿರುವ ಗೆಳೆಯರಲ್ಲಿ ಒಂದು ವಿನಂತಿ. ದಾಟಿಸುವ ಮೊದಲೂ ಆಮೇಲೂ ಅತಿ ಹಳೆಯ ತಾರೀಖು ಯಾವುದು, ಅತಿ ಹೊಸದು ಯಾವುದು, ಖಾಲಿ ಎಷ್ಟು, ಜೂನ್ 1 ಎಷ್ಟು ಎಂದು ಎಣಿಸಿ ಹೋಲಿಸಿ. ಇನ್ನೊಂದು ಮಾತು: 32 ಬಿಟ್ಟಿನಲ್ಲಿ ಸೆಕೆಂಡು ಎಣಿಸುವ ಯೂನಿಕ್ಸ್ ಲೆಕ್ಕ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ, ತುಂಬಿಹೋಗುತ್ತದೆ. ಮೈಎಸ್‌ಕ್ಯೂಎಲ್‌ನ ಟೈಮ್‌ಸ್ಟ್ಯಾಂಪ್ ಕಾಲಂ ಕೂಡ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಟೇಬಲ್ಲುಗಳಲ್ಲಿ ಅಂಥ ಕಾಲಂ ಇದ್ದರೆ ಈಗಲೇ ಬದಲಿಸಿ.